ಐಐಟಿಗಾಗಿ ನಾನು ಬಿಟ್ಟ ಎಲೆಅಡಿಕೆ

ಐಐಟಿ ಅನ್ನೋ ಹೆಸರು ನನ್ನ ಕಿವಿಗೆ ಮೊದಲ ಸಲ ಬಿದ್ದ ದಿನ ನಾನು ಜಗಲಿ ಮೇಲೆ ಕೂತು ಅವರೆಕಾಳು ಇದುಕುತ್ತಿದ್ದೆ. ಒಳಗೆ ನನ್ನ ಸೊಸೆ ಸೌಮ್ಯ ಫೋನಿನಲ್ಲಿ ಯಾರಿಗೋ, "ಐಐಟಿ ಅಂದ್ರೆ ಸುಮ್ನೆನಾ? ನಾವು ಆಗ್ಲೇ ಲೇಟು ಕಣೇ," ಅಂತ ಅಳುವ ದನಿಯಲ್ಲಿ ಹೇಳುತ್ತಿದ್ದಳು.

ಮನೆಯಲ್ಲಿ ಏನೋ ಆಗಿದೆ ಅಂತ ನನಗೆ ನಾಕು ದಿನದಿಂದ ಅನುಮಾನ ಇತ್ತು. ಟಿವಿಗೆ ಹಳೇ ಪಂಚೆ ಹೊದಿಸಿಬಿಟ್ಟಿದ್ದರು. ಹನೂರಿನಲ್ಲಿ ನೆಂಟರ ಮಗುವಿನ ನಾಮಕರಣ ಇತ್ತು, ಹೋಗಲಿಲ್ಲ. ಬೀದಿಯಲ್ಲಿ ಕುಂಟಾಬಿಲ್ಲೆ ಆಡುತ್ತಿದ್ದ ಮೊಮ್ಮಗಳು ನಿಸರ್ಗ ಗೋಡೆ ಕಡೆ ಮುಖ ಮಾಡಿ ಪುಸ್ತಕ ಹಿಡಿದು ಕೂತಿದ್ದಳು. ನಿಸರ್ಗಳಿಗೆ ಹತ್ತು ವರ್ಷ. ಐದನೇ ಕ್ಲಾಸು. ಶನಿವಾರ ಭಾನುವಾರ ಮಾಂಬಳ್ಳಿಯಿಂದ ಕೊಳ್ಳೇಗಾಲಕ್ಕೆ ಅದೇನೋ ಫೌಂಡೇಶನ್ ಕ್ಲಾಸಿಗೆ ಬೇರೆ ಕಳಿಸುತ್ತಿದ್ದರು.

"ಅದೇನವ್ವ ಐಐಟಿ ಅಂದ್ರೆ?" ಅಂದೆ ಅವಳನ್ನು ಕರೆದು.

"ದೊಡ್ಡ ಕಾಲೇಜು ಅಜ್ಜಿ. ಲಕ್ಷಗಟ್ಲೆ ಮಕ್ಳು ಪರೀಕ್ಷೆ ಬರೀತರಂತೆ. ಅಲ್ಲಿ ಸೀಟು ಸಿಗ್ದಿದ್ರೆ ಜೀವನ ಮುಗೀತು ಅಂತ ನಮ್ ಸಾರ್ ಹೇಳ್ತರೆ."

ಕೋರೆಹಲ್ಲು ಬಿದ್ದು ಇನ್ನೂ ಹೊಸದು ಬಂದಿಲ್ಲ, ಆ ಸಂದಿಯಿಂದ ಗಾಳಿ ಬಿಡುತ್ತಾ ನನ್ನ ಕೂಸು ಜೀವನ ಮುಗೀತು ಅನ್ನುತ್ತೆ. ಮಧ್ಯಾಹ್ನ ತಿಂದಿದ್ದು ಅರ್ಧ ಮುದ್ದೆ. ನನಗೆ ರೋಷ ಬಂತು. ನಾನು ಯಾರು ಅಂತ ಇವರೆಲ್ಲ ಮರೆತಿದ್ದಾರೆ ಅನ್ನಿಸಿತು. ಇವಳ ಅಪ್ಪ ಮಲ್ಲಿಕಾರ್ಜುನಸ್ವಾಮಿಯನ್ನು ಎಸ್ಸೆಸ್ಸೆಲ್ಸಿ ಪಾಸು ಮಾಡಿಸಿದ್ದು ನಾನು, ಮಾದಪ್ಪನಿಗೆ ಹರಕೆ ಹೊತ್ತು. ಅವನೂ ಒಂದಷ್ಟು ಓದಿದ್ದ ಅನ್ನೋದು ಆಮೇಲಿನ ಮಾತು. ಎಸ್ಸೆಸ್ಸೆಲ್ಸಿಯನ್ನೇ ಗೆದ್ದವಳಿಗೆ ಐಐಟಿ ಯಾವ ಲೆಕ್ಕ?

ಸೋಮವಾರ ಬಂತು. ತಲೆಗೆ ನೀರು ಹಾಕಿಕೊಂಡು, ಹುಲಿ ಮೇಲೆ ಕೂತ ಮಾದಪ್ಪನ ಫೋಟೋ ಮುಂದೆ ಧೂಪ ಹಾಕಿದೆ. ಪಕ್ಕದ ಮನೆ ಚೆಲುವಮ್ಮ, ಅವಳ ಹಿಂದೆ ಬೀದಿಯ ನಾಲ್ಕೈದು ಹೆಂಗಸರು ಪೂಜೆಗೆ ಬಂದಿದ್ದರು. ಎಲ್ಲರಿಗೂ ಕೇಳಲಿ ಅಂತಲೇ ಗಂಟಲೆತ್ತಿ ಹೇಳಿದೆ: "ಅಪ್ಪಾ ಮಾದಪ್ಪ, ನನ್ ಕೂಸಿಗೆ ಐಐಟಿ ಸೀಟು ಕೊಡು. ನೀನು ಕೊಡೋಗಂಟ ನಾನು ಈ ಬಾಯಿಗೆ ಎಲೆಅಡಿಕೆ ಸೋಕಿಸಿದ್ರೆ ಕೇಳು."

ನಾನು ಎಲೆ ಹಾಕಲು ಕಲಿತು ಐವತ್ತೈದು ವರ್ಷ. ಮದುವೆಯಾದ ಮೂರನೇ ದಿನ ನಮ್ಮ ಯಜಮಾನರು, ನಾಚಿಕೆಗೆ ಬಾಯಲ್ಲಿ ಮಾತು ಹೊರಡದೆ, ಒಂದು ಎಲೆಗೆ ಸುಣ್ಣ ಸವರಿ ನನ್ನ ಕೈಗೆ ಕೊಟ್ಟಿದ್ದರು. ಅಂದು ಶುರುವಾದದ್ದು. ಅವರು ಹೋಗಿ ಒಂಬತ್ತು ವರ್ಷವಾಯಿತು, ಎಲೆ ಹೋಗಿರಲಿಲ್ಲ.

ಚೆಲುವಮ್ಮ ನನ್ನ ಮುಖವನ್ನೇ ನೋಡಿದಳು. "ಅಕ್ಕ, ನೀನು ಅನ್ನ ಬುಡ್ತೀನಿ ಅಂದಿದ್ರೆ ನಾನು ನಂಬ್ತಿದ್ದಿ. ಎಲೆನಾ?"

"ಏ ಸುಮ್ಕಿರು. ಎಷ್ಟ್ ದಿನದ ಮಾತು? ಮಾರ್ಚಿಗೆ ಪರೀಕ್ಷೆ ಮುಗೀತದೆ, ಏಪ್ರಿಲ್‌ಗೆ ಸೀಟು. ಮೂರ್ ತಿಂಗಳು ಹಲ್ ಕಚ್ಚಂಡು ಇದ್ಬುಡ್ತಿನಿ."

ನಿಸರ್ಗ ಮೆಲ್ಲಗೆ ನನ್ನ ಸೆರಗು ಎಳೆದಳು. "ಅಜ್ಜಿ, ಆ ಪರೀಕ್ಷೆ ಪಿಯುಸಿ ಆದ್ಮೇಲೆ. ಇನ್ನೂ ಏಳು ವರ್ಷ ಅದೆ."

ಊದುಬತ್ತಿ ಕೈಯಲ್ಲೇ ಉಳಿಯಿತು. ಬೂದಿ ಕಾಲ ಮೇಲೆ ಬಿದ್ದರೂ ಗೊತ್ತಾಗಲಿಲ್ಲ.

"ಏಳು ವರ್ಷ ಇರೋದ್ಕೆ ಈಗಲೇ ಯಾಕವ್ವ ಟಿವಿಗೆ ಪಂಚೆ ಉಡಿಸಿದ್ದು?" ಅಂತ ಸೊಸೆಯನ್ನು ಕೇಳಿದೆ.

"ಬೇರೆಯವರೆಲ್ಲ ಮೂರನೇ ಕ್ಲಾಸಿಂದಲೇ ಶುರು ಮಾಡವ್ರೆ ಅತ್ತೆ. ನಾವೇ ಲೇಟು."

ನಮ್ಮ ಕಾಲದಲ್ಲಿ ಮನೆಯಲ್ಲಿ ಇಷ್ಟು ಗಡಿಬಿಡಿ ಆಯಿತು ಅಂದರೆ ಹಾಲ್‌ಟಿಕೆಟ್ ಕೈಗೆ ಬಂತು ಅಂತಲೇ ಅರ್ಥ. ಅದನ್ನು ನಂಬಿ ನಾನು ಮೋಸಹೋದೆ. ನನ್ನ ಎಪ್ಪತ್ತಮೂರಕ್ಕೆ ಏಳು ಕೂಡಿಸಿದೆ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳಿಗೂ ಎಂಬತ್ತು ಅಂತ ಬಂತು.

ಸಂಜೆ ಮಗ ಕೆಲಸ ಮುಗಿಸಿ ಬರುವಷ್ಟರಲ್ಲಿ ನನ್ನ ತಲೆ ಸಿಡಿಯುತ್ತಿತ್ತು. ವಕೀಲರ ಹತ್ತಿರ ಹೋದಂತೆ ಅವನ ಹತ್ತಿರ ಹೋದೆ. "ನೋಡ್ಲಾ ಮಗ, ನಾನು ಅಂದದ್ದು ಎಲೆಅಡಿಕೆ ಅಂತ. ಎಲೆ ಬುಟ್ಟು ಬರೀ ಅಡಿಕೆ ಹಾಕಂಡ್ರೆ?"

ಅವನು ಬಾಯಿ ತೆರೆಯುವ ಮುಂಚೆ ಸೊಸೆ ಅಡುಗೆಮನೆಯಿಂದಲೇ ಹೇಳಿದಳು, "ಅತ್ತೆ, ದೇವರ ಹತ್ರ ಚೌಕಾಸಿ ಬ್ಯಾಡಿ."

"ಆಯ್ತು. ನಡುವೆ ನಾನು ಸತ್ತೋದ್ರೆ?"

"ಹರಕೆ ನಿಮ್ ಮಗನ ತಲೆಗೆ ಬತ್ತದೆ."

"ಬರ್ಲಿ ಬುಡು," ಅಂದ ಮಗರಾಯ. "ನಾನೇನು ಎಲೆ ಹಾಕ್ತಿನಾ? ನಂಗೇನ್ ಕಷ್ಟ?"

ಹೆತ್ತ ಮಗನೇ ನನ್ನ ಸಾವಿಗೆ ಅಷ್ಟು ಸಲೀಸಾಗಿ ಒಪ್ಪಿಕೊಂಡ ಮೇಲೆ ಉಳಿದದ್ದು ಒಂದೇ ದಾರಿ. ಕೂಸಿನ ಪಕ್ಕ ಕೂತು ಓದಿಸುವುದು. ಓದಿಸುವುದು ಅಂದರೆ, ಅವಳು ತಲೆ ಎತ್ತಿದಾಗೆಲ್ಲ "ಓದವ್ವ" ಅನ್ನುವುದು. "ಏಳು ವರ್ಷದ್ದನ್ನ ಐದು ವರ್ಷಕ್ಕೆ ಮುಗ್ಸಕಾಗದ?" ಅಂತಲೂ ಕೇಳಿದೆ. ಸೌಮ್ಯ ಒಬ್ಬಳೇ ಇದ್ದಾಗ ಮನೆಯಲ್ಲಿ ಒಬ್ಬ ಪೊಲೀಸ್ ಇದ್ದಂತೆ ಇತ್ತು. ಈಗ ಠಾಣೆಯೇ ಆಯಿತು.

ಅಷ್ಟಕ್ಕೇ ನಿಂತಿದ್ದರೆ ನನ್ನ ಮಾನ ಮನೆಯೊಳಗೇ ಹೋಗುತ್ತಿತ್ತು. ಕ್ಲಾಸಿನಲ್ಲಿ ಮನೆಯವರ ಮೀಟಿಂಗು ಅಂತ ಸೌಮ್ಯ ನನ್ನನ್ನೂ ಕೊಳ್ಳೇಗಾಲಕ್ಕೆ ಕರೆದುಕೊಂಡು ಹೋದಳು. ಸಾರ್ ಕೈಮುಗಿದರು. ನಾನು ಒಳ್ಳೆ ಸಮಯ ಅಂತ, "ಸಾ, ಆ ಸೀಟು ಒಂದೆರಡು ವರ್ಷ ಮುಂಚೆನೇ ಕೊಡ್ಸಕಾಗಲ್ವ?" ಅಂದೆ. ಯಾಕೆ ಅಂದರು. ಸೌಮ್ಯ ಹರಕೆಯ ಕತೆ ಪೂರಾ ಹೇಳಿದಳು. ಆ ಪುಣ್ಯಾತ್ಮರು ನನ್ನನ್ನು ವೇದಿಕೆಗೆ ಹತ್ತಿಸಿ ಮೈಕು ಹಿಡಿದರು.

"ಪೇರೆಂಟ್ಸ್, ನೋಡಿ, ತ್ಯಾಗ ಅಂದ್ರೆ ಇದು. ನಿಮ್ ಮಕ್ಕಳಿಗಾಗಿ ನೀವೇನು ಬಿಟ್ಟಿದ್ದೀರಿ?"

ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಸೆರಗು ಸರಿಮಾಡಿಕೊಂಡು ನಿಂತೆ. ಐವತ್ತೈದು ವರ್ಷದಲ್ಲಿ ಎಲೆ ಹಾಕಿದ್ದಕ್ಕೆ ಒಬ್ಬರೂ ಚಪ್ಪಾಳೆ ತಟ್ಟಿರಲಿಲ್ಲ.

ಮುಂದಿನ ವಾರದಿಂದ ತಾಲ್ಲೂಕಿನಲ್ಲಿ ತ್ಯಾಗದ ಸಾಂಕ್ರಾಮಿಕ ಶುರುವಾಯಿತು. ಮುಳ್ಳೂರಿನ ಪುಟ್ಟಮಲ್ಲಮ್ಮ ತನ್ನ ಹತ್ತಿರ ಬಿಡಲು ಏನೂ ಇಲ್ಲವಲ್ಲ ಅಂತ ಯೋಚಿಸಿ ಯೋಚಿಸಿ, ಕೊನೆಗೆ ಸೊಸೆ ಜೊತೆ ಮಾತು ಬಿಟ್ಟಳಂತೆ. ಆ ಮನೆಯಲ್ಲಿ ಈಗ ಎಲ್ಲರೂ ನೆಮ್ಮದಿಯಾಗಿದ್ದಾರೆ ಅಂತ ಸುದ್ದಿ. ಮೊಮ್ಮಗಳ ಓದಿಗೆಂದು ಮಾರ್ಟಳ್ಳಿಯಿಂದ ಬಂದು ಕೊಳ್ಳೇಗಾಲದಲ್ಲಿ ಮನೆ ಮಾಡಿದ್ದ ಒಬ್ಬ ತಾತನಿಗೆ ಮಾತ್ರ ಅನ್ಯಾಯವಾಯಿತು. ಮನೆಯವರು ಅವನ ಕೈಲಿ ಕಾಫಿ ಬಿಡಿಸಿದ್ದರು. ಒಂದು ಭಾನುವಾರ ನಾನೂ ನಿಸರ್ಗಳ ಜೊತೆ ಹೋಗಿದ್ದಾಗ ಕ್ಲಾಸಿನ ಮೆಟ್ಟಿಲ ಹತ್ತಿರ ನನ್ನನ್ನು ಅಡ್ಡಗಟ್ಟಿ ಅರ್ಧ ತಮಿಳಿನಲ್ಲಿ ಕೇಳಿದ.

"ಏನಮ್ಮ, ನಿನ್ ಎಲೆ ಪೋಚ್ಚು, ಸರಿ. ನನ್ ಕಾಪಿ ಯಾಕಮ್ಮ ಪೋಚ್ಚು?"

ತಲೆ ತಗ್ಗಿಸಿದೆ. ತಗ್ಗಿಸಲು ಬೇರೆ ಕಾರಣವೂ ಇತ್ತು. ಓದುವವರ ಮುಂದೆ ಸುಳ್ಳು ಯಾಕೆ, ಹೇಳಿಯೇ ಬಿಡುತ್ತೇನೆ. ಅಷ್ಟರಲ್ಲಿ ನಾನು ಹರಕೆ ಮುರಿದಾಗಿತ್ತು.

ಶನಿವಾರ ಸೊಸೆ ಮೊಮ್ಮಗಳು ಕೊಳ್ಳೇಗಾಲದ ವ್ಯಾನು ಹತ್ತಿದರೆ ಮನೆ ಖಾಲಿ. ಮೊದಲ ಶನಿವಾರ ಚೆಲುವಮ್ಮನ ದನದ ಕೊಟ್ಟಿಗೆ ಹಿಂದೆ ಸುಮ್ಮನೆ ನಿಂತಿದ್ದೆ. ಅವಳ ಹಿತ್ತಲ ಎಲೆಬಳ್ಳಿ ನನ್ನ ಮೂಗಿಗೇ ತಾಗುತ್ತಿತ್ತು.

"ಒಂದೇ ಒಂದ್ ಹಾಕ ಬಾರಕ್ಕ," ಅಂದಳು ಚೆಲುವಮ್ಮ. "ಮಾದಪ್ಪ ಏಳು ಮಲೆ ಆಚೆ ಅವ್ನೆ. ಈ ಕೊಟ್ಟಿಗೆ ಹಿಂದ್ಕೆ ಬಂದಾನ?"

ಅವಳ ಕುಟ್ಟಾಣಿಯಲ್ಲಿ ಕುಟ್ಟಿ ಒಂದು ಎಲೆ ಹಾಕಿದೆ. ಎರಡನೇ ಶನಿವಾರ ಎರಡು. ಮೂರನೇ ಶನಿವಾರ ಮಾತು ಬೆಳೆದು ನಾಲ್ಕಾಯಿತು. ಆಮೇಲೆ ಹುಣಸೆಹಣ್ಣಿನಲ್ಲಿ ನಾಲಿಗೆ ತಿಕ್ಕಿ, ತುಟಿ ಒರೆಸಿಕೊಂಡು, ತ್ಯಾಗಮಯಿಯ ಮುಖ ಹಾಕಿಕೊಂಡು ಜಗಲಿಗೆ ಬಂದು ಕೂರುವುದು.

ಮೂರನೇ ಶನಿವಾರದ ಮರುದಿನ, ಭಾನುವಾರ, ನಿಸರ್ಗ ವ್ಯಾನಿಳಿದು ಬಂದವಳೇ ಮೂಲೆ ಸೇರಿದಳು. ಭಾನುವಾರ ಭಾನುವಾರ ಅವರಿಗೆ ಟೆಸ್ಟು, ಸಂಜೆಗೇ ರ‍್ಯಾಂಕು. ನಲವತ್ತಮೂರು ಮಕ್ಕಳಲ್ಲಿ ನಮ್ಮ ಕೂಸು ನಲವತ್ತೊಂದನೆಯದು. ಸೌಮ್ಯ ಸೀದಾ ಒಳಗೆ ಹೋದಳು. ನಾನು ತಟ್ಟೆಗೆ ಮುದ್ದೆ, ಬಸ್ಸಾರು ಹಾಕಿಕೊಂಡು ಮೂಲೆಗೆ ಹೋದೆ. ಮುಟ್ಟಲಿಲ್ಲ.

"ನಂಗೆ ಸೀಟು ಸಿಗಲ್ಲ ಅಜ್ಜಿ."

"ಸಿಗ್ದಿದ್ರೆ ಬುಡವ್ವ, ತಿನ್ನು."

"ನಂಗೆ ಸೀಟು ಸಿಗ್ದಿದ್ರೆ ನೀನು ಎಲೆ ಹಾಕಂಗಿಲ್ಲ." ಬಿಕ್ಕಿದಳು. "ಏಳು ವರ್ಷ ಆದ್ಮೇಲೂ ಹಾಕಂಗಿಲ್ಲ. ನೀನು ಎಲೆ ಇಲ್ದೆನೇ ಸತ್ತೋಯ್ತಿಯ. ಎಲ್ಲಾ ನನ್ನಿಂದ್ಲೇ."

ತಟ್ಟೆ ಕೆಳಗಿಟ್ಟೆ. ಆ ಪುಟ್ಟ ತಲೆ ಮೇಲೆ ಐಐಟಿ ಒಂದು ಹೊರೆ ಇತ್ತು. ಇಳಿಸುತ್ತೇನೆ ಅಂತ ಹೋದ ನಾನು ಅದರ ಮೇಲೆ ನನ್ನ ಎಲೆಅಡಿಕೆ ಚೀಲವನ್ನೂ ಹೇರಿದ್ದೆ. ಮೊದಲು ಅರ್ಧವಾದರೂ ಇಳಿಯುತ್ತಿದ್ದ ಮುದ್ದೆ ಈಗ ಅದೂ ಇಳಿಯದೆ ಇದ್ದದ್ದು ಇದಕ್ಕೇ.

ಬಾಗಿಲ ಕಡೆ ಒಮ್ಮೆ ನೋಡಿದೆ. ಆಮೇಲೆ ಬಾಯಿ ತೆರೆದು ನಾಲಿಗೆ ಹೊರಗೆ ಚಾಚಿದೆ.

ನಿಸರ್ಗ ಅಳು ನಿಲ್ಲಿಸಿ ಹತ್ತಿರ ಬಂದು ನೋಡಿದಳು. "ಕೆಂಪಗದೆ."

"ನಿನ್ನೆ ಹಾಕಿದ್ದು. ನಾಕು. ಚೆಲುವಮ್ಮನ ಕೊಟ್ಟಿಗೆ ಹಿಂದೆ. ನಲವತ್ತೊಂದು ಬಂದಿದ್ದು ನಿನ್ನಿಂದ ಅಲ್ಲ ಕಣವ್ವ. ನನ್ನಿಂದ."

ಅವಳು ಕಣ್ಣೊರೆಸಿಕೊಂಡು ಯೋಚನೆ ಮಾಡಿದಳು. "ಅದರ ಹಿಂದಿನ ಶನಿವಾರ?"

"ಎರಡು."

"ಅವತ್ತು ನಂಗೆ ಇಪ್ಪತ್ತೆಂಟು. ಅದರ ಹಿಂದಿನ ಶನಿವಾರ?"

"ಒಂದು."

"ಹತ್ತೊಂಬತ್ತು." ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದು ಗೆರೆ ಎಳೆದಳು. ಒಂದು ಕಡೆ ನನ್ನ ಎಲೆ, ಇನ್ನೊಂದು ಕಡೆ ಅವಳ ರ‍್ಯಾಂಕು. "ಅಜ್ಜಿ, ನೀನು ಐದು ಹಾಕಿದ್ರೆ ನಾನು ನಲವತ್ತಮೂರೇ." ಅಂದವಳೇ ನಗಲು ಶುರು ಮಾಡಿದಳು. ನನಗೂ ತಡೆಯಲಾಗಲಿಲ್ಲ. ಕೋರೆಹಲ್ಲಿಲ್ಲದ ಬಾಯಿ ಒಂದು, ಹಲ್ಲೇ ಇಲ್ಲದ ಬಾಯಿ ಇನ್ನೊಂದು. ಸದ್ದು ಕೇಳಿ ಸೌಮ್ಯ ಓಡಿ ಬಂದಳು.

"ಅತ್ತೆ, ಹರಕೆ ಮುರುದ್ರಾ? ಮೈಕಲ್ಲಿ ಚಪ್ಪಾಳೆ ತಟ್ಟಿಸ್ಕಂಡು?"

ನಾನು ಬೈಗುಳಕ್ಕೆ ತಯಾರಾದೆ. ಆದರೆ ಅವಳ ಕಣ್ಣು ತಟ್ಟೆ ಮೇಲೆ ಬಿತ್ತು. ನಿಸರ್ಗ ನಗುತ್ತಾ ನಗುತ್ತಾ ಮುದ್ದೆ ಮುರಿದು ಸಾರಲ್ಲಿ ಅದ್ದಿ ನುಂಗುತ್ತಿದ್ದಳು. ಸೌಮ್ಯ ಅಲ್ಲೇ ಗೋಡೆಗೆ ಒರಗಿ ಕೂತಳು. "ಇನ್ನೊಂದ್ ಮುದ್ದೆ ತರ್ಲಾ?" ಅಂತ ಮಗಳನ್ನು ಕೇಳಿದಳು. ಎದ್ದು ಹೋಗುವಾಗ ಟಿವಿ ಮೇಲಿನ ಪಂಚೆ ಎಳೆದು ಹೆಗಲಿಗೆ ಹಾಕಿಕೊಂಡು ಹೋದಳು.

ಸೋಮವಾರ ಬೆಳಿಗ್ಗೆ ಹಳದಿ ಬಟ್ಟೆಯಲ್ಲಿ ತಪ್ಪುಕಾಣಿಕೆ ಕಟ್ಟಿ ಮಾದಪ್ಪನ ಮುಂದೆ ಇಟ್ಟೆ. ಈ ಸಲ ದನಿ ಎತ್ತಲಿಲ್ಲ, ಪಿಸುಗುಟ್ಟಿದೆ. "ಅಪ್ಪಾ, ಓದೋದು ಕೂಸು, ಕೊಡೋದು ನೀನು. ನಡುವೆ ನನ್ ನಾಲಿಗೆ ತಂದದ್ದು ತಪ್ಪಾಯ್ತು. ಹರಕೆ ವಾಪಸ್ ತಕೋ." ಆಮೇಲೆ ಜಗಲಿ ಮೇಲೆ ಎಲ್ಲರೂ ನೋಡುವಂತೆ ಕೂತು ಎಲೆ ಹಾಕಿದೆ. ಮಾರ್ಟಳ್ಳಿ ತಾತನಿಗೂ ಕಾಫಿ ಕುಡಿಯಲು ಅಡ್ಡಿಯಿಲ್ಲ ಅಂತ ಸೌಮ್ಯನ ಫೋನಿನಿಂದ ಹೇಳಿಸಿದೆ. ಅವನು ಆಗಲೇ ಒಂದು ವಾರದಿಂದ ಕುಡಿಯುತ್ತಿದ್ದನಂತೆ.

ಆ ವಾರವೆಲ್ಲ ನಿಸರ್ಗ ಬೀದಿಯಲ್ಲಿ ಕುಂಟಾಬಿಲ್ಲೆ ಆಡಿದಳು. ನಾನು ಎದೆ ಉಬ್ಬಿಸಿಕೊಂಡು ಓಡಾಡಿದೆ. ನಿಜ ಹೇಳಿ ಒಂದು ಕೂಸಿನ ಜೀವ ಉಳಿಸಿದೆ, ಇದಕ್ಕೆ ಯಾವ ಕಾಲೇಜಿನ ಓದು ಬೇಕು ಅಂತ ಚೆಲುವಮ್ಮನಿಗೆ ಎರಡು ಸಲ ಹೇಳಿದೆ.

ಶನಿವಾರ ಬೆಳಿಗ್ಗೆ, ವ್ಯಾನು ಬರುವ ಹೊತ್ತು. ನಿಸರ್ಗ ಬ್ಯಾಗು ಬೆನ್ನಿಗೆ ಹಾಕಿಕೊಂಡು ಜಗಲಿಗೆ ಬಂದು, ಅಮ್ಮ ಎಲ್ಲಿದ್ದಾಳೆ ಅಂತ ಹಿಂದೆ ತಿರುಗಿ ನೋಡಿ, ನನ್ನ ಕಿವಿ ಹತ್ತಿರ ಬಗ್ಗಿದಳು.

"ಅಜ್ಜಿ, ನಾಳೆ ಟೆಸ್ಟು. ವಾರವೆಲ್ಲ ನಾನು ಆಡ್ಬುಟ್ಟಿ, ಏನೂ ಓದಿಲ್ಲ. ನಲವತ್ತಮೂರೇ ಬರೋದು. ಮಾದಪ್ಪನ್ ಹತ್ರ ಆ ಹರಕೆನ ಇವತ್ತೊಂದ್ ದಿನದ ಮಟ್ಟಿಗೆ ವಾಪಸ್ ಈಸ್ಕಂಡು, ಒಂದು ಐದು ಎಲೆ ಹಾಕಂಬುಡ್ತೀಯ?"