ಪಡುವಣ ಗೋಡೆಯ ಅರ್ಜಿ

ಎಂಬತ್ಮೂರನೆಯ ಇಸವಿಯ ಒಂದು ಏಕಾದಶಿಯ ಬೆಳಿಗ್ಗೆ ಗೋದಾವರಿಬಾಯಿ ಗಂಡನನ್ನು ಅಡಿಗೆಮನೆಗೆ ಕರೆದು, ಕಿಟಕಿಯಾಚೆಯ ಕಾಂಪೌಂಡ್ ಗೋಡೆಯನ್ನು ತೋರಿಸಿದಳು. ಮಲ್ಕಾಜ್‌ಗಿರಿಯ ಆ ಸರ್ಕಾರಿ ವಸತಿಗೃಹಗಳ ಸಾಲಿನಲ್ಲಿ ನರಹರಿರಾಯರದು ಕಡೆಯ ಮನೆ. ಅದರ ಪಶ್ಚಿಮಕ್ಕೆ ಸೂರಿನೆತ್ತರದ ಹಳೆಯ ಕಲ್ಲುಗೋಡೆ.

"ನಿನ್ನೆಕಿಂತ ಇವತ್ತು ಇನ್ನಷ್ಟು ಈಕಡೆ ಬಂದದ. ನೋಡ್ರಿ."

ರಾಯರು ನೋಡಿದರು. ಒಳಗಿನ ಮಾತು ಕೇಳಿಸಿಕೊಳ್ಳಲು ಕತ್ತು ಚಾಚಿದ ನೆರೆಮನೆಯವಳಂತೆ ಗೋಡೆ ತಲೆ ಮುಂದೆ ಮಾಡಿತ್ತು. ಕಣ್ಣನ್ನೇ ನಂಬಿ ಮಾತಾಡುವವರಲ್ಲ ಅವರು. ಟೇಪು ತಂದು ಅಳೆದರು. ಮನೆಗೂ ಗೋಡೆಗೂ ನಡುವೆ ನೆಲದ ಹತ್ತಿರ ಮೂರು ಅಡಿ, ಸೂರಿನ ಹತ್ತಿರ ಮೂರು ಇಂಚು ಕಡಿಮೆ.

"ನಾ ಇನ್ನ ಇಲ್ಲೆ ಕಾಲಿಡೂದಿಲ್ಲ," ಎಂದಳು ಆಕೆ, ಅಳತೆ ಕೇಳಿ. "ಇವತ್ತೇನೋ ಏಕಾದಶಿ, ನಡೀತದ. ನಾಳೆ ಪಾರಣಿ ಅಡಿಗಿ ಬೇಕಂದ್ರ, ಗ್ವಾಡಿ ನೆಟ್ಟಗದ ಅಂತ ಎಂಜಿನೀಯರು ಬಂದು ಹೇಳ್ಬೇಕು. ಇಲ್ಲಾ, ಕೆಡವಿಸ್ಬೇಕು."

ನರಹರಿರಾಯರದು ನೀರೂ ಮುಟ್ಟದ ಉಪವಾಸ. ದ್ವಾದಶಿಯ ಸೂರ್ಯ ಮೂಡುವ ಹೊತ್ತಿಗೆ ಎಲೆಗೆ ಬೀಳುವ ಬಿಸಿ ಅನ್ನ, ಹೆಸರುಬೇಳೆ ತೊವ್ವೆ, ಅಗಸೆಸೊಪ್ಪಿನ ಪಲ್ಯ, ಇವನ್ನು ನೆನೆನೆನೆದೇ ಅವರು ಏಕಾದಶಿಯನ್ನು ಈಜಿ ದಾಟುತ್ತಿದ್ದರು. ಹೆಂಡತಿಯ ಅಡಿಗೆಯಲ್ಲಿ ಅವರು ಕಂಡ ಕೊರತೆ ಒಂದೇ. ಎಲೆಗೆ ಬಡಿಸಿದ ಸಾರು ಯಾವಾಗಲೂ ಪಶ್ಚಿಮಕ್ಕೆ ಓಡುತ್ತಿತ್ತು. ಸಾರು ತೆಳುವಾಯಿತೆಂದು ಅವರು ಹದಿನಾರು ತಿಂಗಳಿಂದ ಹೇಳುತ್ತಿದ್ದರು. ಅನ್ನಕ್ಕೆ ಕಟ್ಟೆ ಕಟ್ಟಲು ಬರುವುದಿಲ್ಲವೆಂದು ಆಕೆ ಹೇಳುತ್ತಿದ್ದಳು.

ಕಚೇರಿಯಲ್ಲಿ ಆ ವರ್ಷದ ದುರಸ್ತಿಯ ಪಟ್ಟಿ ಅಂದೇ ಸಂಜೆ ಮುಚ್ಚುವುದಿತ್ತು. ರಾಯರು ಕುರ್ಚಿಯಲ್ಲಿ ಕೂತವರೇ ಇಂಗ್ಲಿಷಿನಲ್ಲಿ ಎರಡು ಸಾಲಿನ ಅರ್ಜಿ ಬರೆದರು. ಗೋಡೆ 'ಲೀನಿಂಗ್' ಆಗಿದೆ, ದಯವಿಟ್ಟು ನೋಡತಕ್ಕದ್ದು.

ಪಕ್ಕದ ಮೇಜಿನ ಪ್ರಾಣೇಶ ಅದನ್ನು ಎತ್ತಿಕೊಂಡು ಓದಿದ. ಅವನಿಗೆ ತನ್ನ ಕಾಗದಗಳಿಗಿಂತ ಇನ್ನೊಬ್ಬರ ಕಾಗದಗಳ ಮೇಲೆ ಪ್ರೀತಿ.

"ರಾಯರ, ಲೀನಿಂಗ್ ಅಂದ್ರ ಕೆಲಸಿಲ್ಲದವ್ರು ಇರಾಣಿ ಹೋಟೆಲಿನ ಕಂಬಕ್ಕ ಒರಗಿ ನಿಂತಂಗ. ಒರಗ್ಲಿಕ್ಕೆ ಆಸರಿ ಬೇಕು. ನಿಮ್ಮ ಗ್ವಾಡಿ ಯಾತಕ್ಕ ಒರಗೇದ?"

"ಯಾತಕ್ಕೂ ಒರಗಿಲ್ಲ."

"ಮತ್ತ? ಇನ್‌ಕ್ಲೈನ್ಡ್ ಅಂತ ಹಾಕ್ರಿ. ಮರ್ಯಾದಿ ಇರ್ತದ."

ಹಾಕಿದರು. ಸೂಪರಿಂಟೆಂಡೆಂಟ್ ಶಿವಶರಣಪ್ಪನವರು ಕಲಬುರ್ಗಿ ಕಡೆಯವರು. ಅರ್ಜಿಯನ್ನು ತೋಳಿನಷ್ಟು ದೂರ ಹಿಡಿದು ಓದಿ, ಎಲೆಅಡಿಕೆಯನ್ನು ದವಡೆಗೆ ಸರಿಸಿದರು.

"ಇನ್‌ಕ್ಲಿನೇಶನ್ ಮನಸ್ಸಿಗೆ ಬರೋದು, ನರಹರಿ. ನಮ್ಮ ಹುಡುಗಿಗೆ ಸಂಗೀತದ ಕಡಿ ಇನ್‌ಕ್ಲಿನೇಶನ್ ಐತಿ. ಗ್ವಾಡಿಗೆ ಐತಿ ಅಂತ ಬರದ್ರ ಮ್ಯಾಲಿನವ್ರು ಏನ್ ಕೇಳ್ತಾರ? ಅದರ ಇಚ್ಛಾ ಏನು ಅಂತ ಕೇಳ್ತಾರ. ಸ್ಲೋಪ್ ಅಂತ ಬರಿ."

ಬರೆದರು. ಟಪಾಲು ನೋಡುವ ಶೋಭಾ ಅದನ್ನು ಮುದ್ರೆ ಒತ್ತದೆ ಹಿಂದಕ್ಕೆ ತಳ್ಳಿದಳು.

"ಸ್ಲೋಪ್ ಅಂದ್ರ ಗಟಾರದವ್ರ ಮೇಜಿಗೆ ಹೋಗ್ತೈತ್ರಿ. ನೀರು ಹರೀಲಿ ಅಂತ ಬೇಕಂತನ ಮಾಡೋದು ಅದು. ದೋಷ ಅಲ್ಲ, ಸೌಕರ್ಯ. ಅವ್ರು ನಿಮಗ ಸಂತೋಷ ಅಂತ ಉತ್ತರ ಬರದು ಫೈಲ್ ಮುಚ್ಚತಾರ."

ಹನ್ನೆರಡಾಗಿತ್ತು. ಗಂಟಲು ಒಣಗಿತ್ತು. ರಾಯರು ನೀರಿನ ಹೂಜಿಯ ಕಡೆ ಬೆನ್ನು ಮಾಡಿ, ದೇವರ ನಾಮ ನೆನೆದು, ಆಡಳಿತಾಧಿಕಾರಿ ಜಯತೀರ್ಥಾಚಾರ್ಯರ ಕೋಣೆಗೆ ಹೋದರು.

ಆಚಾರ್ಯರು ಒಂದೇ ಶ್ಲೋಕಕ್ಕೆ ಚಾತುರ್ಮಾಸ್ಯವಿಡೀ ಅರ್ಥ ಹೇಳುತ್ತಿದ್ದ ವಂಶದವರು. ತಮ್ಮ ಇಂಗ್ಲಿಷ್ ನಿಘಂಟನ್ನು ಮಡಿ ಪಂಚೆಯ ತುಂಡಿನಲ್ಲಿ ಸುತ್ತಿ ಡ್ರಾಯರಿನಲ್ಲಿ ಇಟ್ಟಿದ್ದರು. ಕೈ ತೊಳೆದುಕೊಂಡು ಬಂದು ಗಂಟು ಬಿಚ್ಚಿದರು.

"ಟೆಂಡೆನ್ಸಿ ಅನ್ನೋಣೇನು? ಈ ಮೊದಲ ಎಷ್ಟು ಸಲ ಬಾಗಿತ್ತು?"

"ಇದ ಮೊದಲನೇ ಸಲರಿ."

"ಹಂಗಾರ ಆಗೂದಿಲ್ಲ. ಮತ್ತ ಮತ್ತ ಬಾಗಿದ್ರ ಟೆಂಡೆನ್ಸಿ. ಪ್ರೊಪೆನ್ಸಿಟಿ ಅಂದ್ರ ಹುಟ್ಟುಗುಣ. ಕಟ್ಟಿದಾಗಿಂದ ಹಿಂಗ ಅದ ಏನು?"

"ಇಲ್ಲರಿ. ಹೋದ ವರ್ಷದ ಮಳಿಗಾಲದಿಂದ."

ಆಚಾರ್ಯರು ನಾಲ್ಕು ಹಾಳೆ ಹಿಂದಕ್ಕೆ ತಿರುವಿದರು. "ಪೆನ್‌ಶಾಂಟ್. ಪ್ರೀತಿಯಿಂದ ಒಂದು ಕಡೆ ವಾಲೂದು." ಕನ್ನಡಕದ ಮೇಲಿಂದ ನೋಡಿದರು.

ನರಹರಿರಾಯರು ಯೋಚಿಸಿ, "ಪ್ರೀತಿ ಕಾಣಸೂದಿಲ್ಲರಿ," ಎಂದರು.

ಎರಡು ಗಂಟೆಗೆ ಪದ ಸಿಕ್ಕಿತು. ಆಚಾರ್ಯರು ಅದನ್ನು ಮೊದಲು ಬಾಯಲ್ಲಿ ಹೇಳಿ ನೋಡಿದರು. "ಟಿಲ್ಟ್. ನೆಟ್ಟಗಿದ್ದದ್ದು ನೆಟ್ಟಗಿಲ್ಲದಾಗೂದು. ಇಚ್ಛಾ ಇಲ್ಲ, ಚಟ ಇಲ್ಲ, ಪ್ರೀತಿ ಇಲ್ಲ. ಶುದ್ಧ ಪದ." ಆ ಪದದ ಹುರುಪಿನಲ್ಲಿ ಅರ್ಜಿಯ ಕೆಳಗೇ ಕೆಂಪು ಶಾಯಿಯಲ್ಲಿ ಆಜ್ಞೆಯನ್ನೂ ಬರೆದರು: ಸದರಿ ಗೋಡೆ ಟಿಲ್ಟ್ ಆಗಿದ್ದರೆ ಇಂದೇ ಪರೀಕ್ಷಿಸಿ, ಸಂಜೆಯಿಂದಲೇ ಯಾರೂ ಹತ್ತಿರ ಸುಳಿಯದಂತೆ ಮಾಡಿ, ನಾಳೆ ಸೂರ್ಯೋದಯಕ್ಕೆ ಕೆಡವತಕ್ಕದ್ದು.

ನರಹರಿರಾಯರು ಕೈ ಮುಗಿದರು. ಎಲೆ ಹಾಕಿದಂತೆಯೇ, ತುಪ್ಪ ಬಿದ್ದಂತೆಯೇ ಅನ್ನಿಸಿತು.

ನಾಲ್ಕಕ್ಕೆ ಎಂಜಿನೀಯರ್ ವೀರಭದ್ರಪ್ಪನವರು ಮೇಸ್ತ್ರಿ ಮಸ್ತಾನನನ್ನು ಕರೆದುಕೊಂಡು ಬಂದರು. ಕಚೇರಿಯಿಂದ ಪ್ರಾಣೇಶ ಬಂದ. ತನ್ನ ಸಲಹೆ ನಡೆಯದಿದ್ದರೂ ಬಂದ. ಸಾಲಿನ ಜನವೆಲ್ಲ ಬಂದು ನಿಂತರು. ಮಸ್ತಾನ ಗೋಡೆ ಏರಿ, ದಾರದ ತುದಿಗೆ ಕಟ್ಟಿದ ಹಿತ್ತಾಳೆಯ ಗುಂಡನ್ನು ಇಳಿಬಿಟ್ಟ. ಗುಂಡು ತೂಗಿತು, ನಿಧಾನಿಸಿತು, ನಿಂತಿತು. ದಾರ ಗೋಡೆಯ ಪಕ್ಕದಲ್ಲಿ ಮೇಲಿಂದ ಕೆಳಗಿನವರೆಗೆ ಒಂದೇ ಸಮನಾಗಿತ್ತು.

"ದಿವಾರ್ ತೋ ಸೀದೀಚ್ ಹೈ, ಸಾಬ್."

"ನೆಟ್ಟಗಂತ ಹೆಂಗಂತೀಯಪ್ಪಾ?" ಎಂದ ಪ್ರಾಣೇಶ. "ರಾಯರು ಸ್ವತಃ ಅಳದಾರ. ಮ್ಯಾಲ ಮೂರು ಇಂಚು ಕಮ್ಮಿ ಅದ."

ಮಸ್ತಾನ ಗೋಡೆಯ ಮೇಲೆಯೇ ಈಚೆ ತಿರುಗಿ, ಮನೆಯ ಸೂರಿನ ಅಂಚಿಗೆ ದಾರ ಹಿಡಿದ. ಗುಂಡು ಕೆಳಗಿಳಿದು, ಮನೆಯ ಬುಡದಿಂದ ಸರಿಯಾಗಿ ಮೂರು ಇಂಚು ಆಚೆ ನಿಂತಿತು.

"ಘರ್ ಝುಕ್ ಗಯಾ," ಎಂದ, ದೂರದ ಊರಿನ ಸಾವಿನ ಸುದ್ದಿ ಹೇಳುವವನ ಹಾಗೆ ಮೆಲ್ಲಗೆ.

ವಾಲಿದ್ದು ಮನೆ. ನರಹರಿರಾಯರಿಗೆ ಹದಿನಾರು ತಿಂಗಳ ಸಾರು ಒಮ್ಮೆಲೇ ನೆನಪಾಯಿತು.

ಎಂಜಿನೀಯರು ಅರ್ಜಿಯನ್ನು ಮತ್ತೊಮ್ಮೆ ಓದಿದರು. "ಹೊಸಾ ಆರ್ಡರ್ ಬರಸಾಕ ಹೋದ್ರ ವಾರ ಹಿಡೀತೈತಿ. ಸಾಹೇಬ್ರು ಭಾಳ ಚಂದ ಬರದಾರ, ಕೆಡಸೂದು ಬ್ಯಾಡ." ಜೇಬಿನಿಂದ ಪೆನ್ನು ತೆಗೆದು, 'ಗೋಡೆ' ಎಂಬುದನ್ನು ಹೊಡೆದು ಹಾಕಿ, ಅದರ ತಲೆಯ ಮೇಲೆ 'ಮನೆ' ಎಂದು ಬರೆದು ಸಹಿ ಮಾಡಿದರು. "ಉಳಿದಿದ್ದು ಬರೋಬ್ಬರಿ ಕೂಡ್ತೈತಿ."

ಕೂಡುತ್ತಿತ್ತು. ಬೆಳಗಿನಿಂದ ನಾಲ್ಕು ಜನ ತಿದ್ದಿದ ಪದವೊಂದೂ ಕದಲಲಿಲ್ಲ.

"ಟಿಲ್ಟ್ ಛಲೋ ಪದ ನೋಡ್ರಿ," ಎಂದ ಪ್ರಾಣೇಶ, ಕಾಗದವನ್ನು ಇಣುಕಿ ನೋಡಿ. "ಎರಡಕ್ಕೂ ಒಗ್ಗತದ. ಬ್ಯಾರೆ ಮನಿಗೆ ಅರ್ಜಿ ಬರೀರಿ ರಾಯರ, ನಾ ತಿದ್ದಿ ಕೊಡ್ತೀನಿ."

ಸಂಜೆಯಾಗುವುದರೊಳಗೆ ಪಾತ್ರೆಪಡಗ, ಹಾಸಿಗೆ, ದೇವರ ಪೆಟ್ಟಿಗೆ ಎಲ್ಲವೂ ಬೇವಿನ ಮರದ ಬುಡಕ್ಕೆ ಬಂದವು. ಬಾಗಿಲಿಗೆ ಬೀಗ ಬಿದ್ದು, ಬೀಗಕ್ಕೆ ಅರಗಿನ ಮುದ್ರೆ ಬಿತ್ತು. ಟ್ರಂಕಿನ ಮೇಲೆ ಕೂತಿದ್ದ ನರಹರಿರಾಯರು ಒಣಗಿದ ತುಟಿಯಿಂದ ಹೆಂಡತಿಯ ಕಡೆ ನೋಡದೆಯೇ ಕೇಳಿದರು.

"ನಾಳೆ ಪಾರಣಿ..."

ಗೋದಾವರಿಬಾಯಿ ಅಗಸೆಸೊಪ್ಪಿನ ಕಟ್ಟನ್ನು ಒದ್ದೆ ಬಟ್ಟೆಯಲ್ಲಿ ಸುತ್ತುತ್ತಿದ್ದಳು.

"ಗ್ವಾಡಿ ನೆಟ್ಟಗದ ಅಂತ ಎಂಜಿನೀಯರು ಹೇಳಿದ್ರ ಅಡಿಗಿ ಮಾಡ್ತೀನಿ ಅಂದಿದ್ದೆ. ಅವ್ರು ಹೇಳ್ಯಾರ. ನಾ ಮಾತಿಗೆ ತಪ್ಪೂದಿಲ್ಲ," ಎಂದಳು. "ಅಡಿಗಿಮನಿ ಎಲ್ಲದ ತೋರಸ್ರಿ."