ಒಂದೂವರೆ ಸಿ.ಸಿ. ಸಂಬಂಧ

ಡೀಸೆಲ್ಲೋ, ಗ್ಲೋನೋ? ಹೊನ್ನಾಳಿ ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು ವಿರೂಪಾಕ್ಷಪ್ಪನವರನ್ನು ಈ ಪ್ರಶ್ನೆ ಮೂರು ತಿಂಗಳಿಂದ ಅರೆದು ಚಟ್ನಿ ಮಾಡಿತ್ತು. ಬೆಂಡಿನಷ್ಟು ಹಗುರದ ಕಟ್ಟಿಗೆ ಕೊಯ್ದು, ಅಂಟಿಸಿ, ಒಂದು ಮಾರು ಅಗಲದ ರೆಕ್ಕೆಯ ಪುಟ್ಟ ವಿಮಾನವನ್ನು ಅವರು ಮಾಡಿಟ್ಟಿದ್ದರು. ಎಂಜಿನ್ ಒಂದು ಬಾಕಿ. ಬೆಂಗಳೂರಿನ ಅಂಗಡಿಯವನು 'ಎರಡೂ ಇವೆ, ಯಾವುದು ಬೇಕು ತಿಳಿಸಿ' ಎಂದು ಕಾರ್ಡು ಬರೆದಿದ್ದ. ಮೇಷ್ಟ್ರು ಆ ಕಾರ್ಡನ್ನು ಓದಿ ಓದಿ ಅಂಚು ಸವೆಸಿದ್ದರು.

ಎರಡೂ ಅಂಗೈಯಲ್ಲಿ ಕೂರುವ ಎಂಜಿನ್‌ಗಳೇ. ಗ್ಲೋ ಎಂಬುದಕ್ಕೆ ಬ್ಯಾಟರಿ ಹಚ್ಚಿ ಅದರ ಪ್ಲಗ್ಗು ಕೆಂಪಗೆ ಕಾಯಿಸಿದರೆ ಸಾಕು, ಗುರ್ ಎಂದು ಏಳುತ್ತದೆ. ಆದರೆ ಅದು ಕುಡಿಯುವುದು ಸ್ಪಿರಿಟ್ಟು. ಡೀಸೆಲ್ಲಿಗೆ ಬ್ಯಾಟರಿ ಬೇಡ. ಈಥರು, ಸೀಮೆಎಣ್ಣೆ, ಹರಳೆಣ್ಣೆ ಬೆರೆಸಿ ಹುಯ್ದು, ತಲೆಯ ಮೇಲಿನ ತಿರುಪು ಬಿಗಿ ಮಾಡಿ, ಬೆರಳು ಬಾತುಕೊಳ್ಳುವ ತನಕ ಫ್ಯಾನು ತಿರುವುತ್ತಿರಬೇಕು. ಹೆಸರಿಗೆ ಡೀಸೆಲ್ಲೇ ಹೊರತು ನಿಜವಾದ ಡೀಸೆಲ್ ಅದಕ್ಕೆ ಒಂದು ತೊಟ್ಟೂ ಬೇಡ. ಈ ಹೆಸರಿಟ್ಟ ಪುಣ್ಯಾತ್ಮ ಯಾವನೋ, ಮುಂದೆ ಆದದ್ದಕ್ಕೆ ಅವನು ಸಿಕ್ಕಿದ್ದರೆ ಮೇಷ್ಟ್ರು ಸುಮ್ಮನೆ ಬಿಡುತ್ತಿರಲಿಲ್ಲ.

ಶನಿವಾರ ಬೆಳಗ್ಗೆ ಪಕ್ಕದ ಮನೆಯ ದ್ಯಾಮಮ್ಮ ಗೋಡೆಯ ಮೇಲಿಂದ ಕತ್ತು ಚಾಚಿದಳು.

"ತಮ್ಮಾ, ನ್ಯಾಮತಿ ಮುರುಗೇಶಪ್ಪ ಸಂಜೆ ಮನೆ ನೋಡಾಕೆ ಬರ್ತಾನಂತೆ. ಅವನ ಮಗಳು ರುದ್ರಾಣಿಗೂ ಇವತ್ತು ಇಲ್ಲೇ ಹೊಲಿಗೆ ಪರೀಕ್ಷೆ, ಅವಳೂ ಬರ್ತಾಳೆ. ಗೇಣು ಹೊಲ ಇಲ್ಲದ ಮೇಷ್ಟ್ರಿಗೆ ಹೆಂಗೆ ಕೊಡೋದು ಅಂತ ಅವನು ಮೀನ-ಮೇಷ ಎಣಿಸ್ತಾ ಅವ್ನೆ. ಮನೇಲಿ ಏನೂ ಎಡವಟ್ಟು ಆಗಬಾರದು ನೋಡು!"

ರುದ್ರಾಣಿಯನ್ನು ಮೇಷ್ಟ್ರು ನೋಡಿದ್ದು ಒಂದೇ ಸಲ, ಶಾಲೆಯ ವಸ್ತುಪ್ರದರ್ಶನದಲ್ಲಿ. ಎಲ್ಲರೂ "ಇದು ಹಾರ್ತದಾ?" ಎಂದು ನಕ್ಕಿದ್ದ ವಿಮಾನವನ್ನು ಅವಳೊಬ್ಬಳು ಬಗ್ಗಿ ನೋಡಿ, "ರೆಕ್ಕೆ ಬಟ್ಟೆ ಭಾಳ ನೀಟಾಗಿ ಎಳೆದೀರಿ" ಅಂದಿದ್ದಳು. ಅವತ್ತಿನಿಂದ ಮೇಷ್ಟ್ರಿಗೆ ಮದುವೆಯಾದರೆ ಅವಳನ್ನೇ ಎಂಬ ಹಟ.

ಮೂರು ತಿಂಗಳ ಪ್ರಶ್ನೆ ಮೂರೇ ನಿಮಿಷದಲ್ಲಿ ಬಗೆಹರಿಯಿತು. ಗ್ಲೋ ತರಿಸಿದರೆ ಮನೆಯಲ್ಲಿ ಸ್ಪಿರಿಟ್ಟಿನ ಬಾಟಲಿ ಇಡಬೇಕು. ಮೇಷ್ಟ್ರು ಕುಡಿಯಾಕೆ ಕಲಿತಾರೆ ಅಂತ ಊರು ಡಂಗುರ ಹೊಡೆಯುತ್ತದೆ, ಮದುವೆ ಅಲ್ಲಿಗೆ ಮುಗಿಯಿತು. ಈಥರಿನ ವಾಸನೆ ಬಂದರೆ ಹೆಚ್ಚೆಂದರೆ ಆಸ್ಪತ್ರೆ ವಾಸನೆ ಅಂದಾರು. ಸರಿ, ಡೀಸೆಲ್ಲೇ! 'ಡೀಸೆಲ್ ಎಂಜಿನ್ ಕಳಿಸಿ' ಎಂದು ಚೀಟಿ ಬರೆದು, ಕೆಳಗೆ ಅಂಗಡಿಯ ವಿಳಾಸ, ತಮ್ಮ ವಿಳಾಸ ಹಾಕಿದರು. ಶಾಲೆಗೆ ಹೊತ್ತಾಗಿತ್ತು. ಎದುರು ಮನೆಯ ಪಂಪ್‌ಸೆಟ್ ರಿಪೇರಿ ಪಾಲಣ್ಣ ಪೋಸ್ಟಾಫೀಸಿನ ಕಡೆಗೇ ಹೊರಟಿದ್ದನ್ನು ಕಂಡು, "ಪಾಲಣ್ಣಾ, ಇದೊಂದು ತಂತಿ ಕೊಟ್ಟುಬಿಡ್ರಿ" ಎಂದು ಚೀಟಿ ಅವನ ಕೈಗಿಟ್ಟು ಓಡಿದರು.

ಮಧ್ಯಾಹ್ನ ಶಾಲೆಯಿಂದ ಬಂದರೆ ಬಾಗಿಲಲ್ಲೇ ದ್ಯಾಮಮ್ಮ, ಕೈಯಲ್ಲಿ ಸಕ್ಕರೆ ಡಬ್ಬಿ.

"ಬಾಯಿ ತೆಗಿ ತಮ್ಮಾ! ಮುರುಗೇಶಪ್ಪ ಒಪ್ಪಿದಾನಂತೆ! ಹೋಟ್ಲಲ್ಲಿ ಅವನಿಗೆ ಪಾಲಣ್ಣ ಹೇಳಿದ್ನಂತಲ್ಲ, ಮೇಷ್ಟ್ರು ಡೀಸೆಲ್ ಎಂಜಿನ್ ತರಿಸ್ತಾ ಅವ್ರೆ ಅಂತ. ಹೊಳೆ ದಂಡೆಗೆ ಹೊಲ ಹಿಡಿದೀಯಂತೆ, ಕಳ್ಳ, ನಂಗೂ ಹೇಳಲಿಲ್ಲ ನೋಡು!"

"ದೊಡ್ಡವ್ವಾ, ಅದು ಹೊಲಕ್ಕಲ್ಲ..." ಅನ್ನುವಷ್ಟರಲ್ಲಿ ಬಾಯಿ ತುಂಬ ಸಕ್ಕರೆ ಬಿತ್ತು. ಸಕ್ಕರೆ ಕರಗುವ ಹೊತ್ತಿಗೆ ನಿಜ ಹೇಳುವ ಉತ್ಸಾಹವೂ ಕರಗಿತು. ರುದ್ರಾಣಿಯ ಮುಖ ಕಣ್ಣ ಮುಂದೆ ಬಂದಾಗ ಹರಿಶ್ಚಂದ್ರನಾಗುವುದು ಅಷ್ಟು ಸುಲಭವೇ, ನೀವೇ ಹೇಳಿ.

ಸಂಜೆ ಐದಕ್ಕೆ ಮುರುಗೇಶಪ್ಪ ಬಂದು ಚಾಪೆಯ ಮೇಲೆ ಕೂತರು. ರುದ್ರಾಣಿ ದ್ಯಾಮಮ್ಮನ ಜೊತೆ ಅಡಿಗೆಮನೆ ಸೇರಿದಳು.

"ಎಂಜಿನ್ ಎಷ್ಟರದ್ರೀ ಮೇಷ್ಟ್ರೇ?"

"ಒಂದೂವರೆ..." ಮೇಷ್ಟ್ರಿಗೆ 'ಸಿ.ಸಿ.' ಗಂಟಲಲ್ಲೇ ನಿಂತಿತು.

"ಒಂದೂವರೆ ಎಚ್‌ಪಿನಾ? ಐದಾದ್ರೂ ಬೇಕಿತ್ತಲ್ರೀ! ಹೋಗ್ಲಿ, ಹಗುರ ಐತೆ ಅನ್ನಿ. ಎತ್ತಾಕೆ ಇಬ್ಬರು ಸಾಕು."

"ಜೇಬಲ್ಲೂ ಇಟ್ಕೊಬಹುದು."

ಮುರುಗೇಶಪ್ಪ ತೊಡೆ ತಟ್ಟಿಕೊಂಡು ನಕ್ಕರು. "ತಮಾಷೆ ಮನುಷ್ಯ! ತರ್ರಿ ದ್ಯಾಮಕ್ಕ, ಎಲೆ ಅಡಿಕೆ ತರ್ರಿ!"

ಎಲೆ ಅಡಿಕೆ ಬರಲಿಲ್ಲ. ಸೆರಗಿನಲ್ಲಿ ಕೈ ಒರೆಸುತ್ತ ದ್ಯಾಮಮ್ಮ ಬಂದಳು. "ಹುಡುಗಿ ಒಲ್ಲೆ ಅಂತೈತೆ."

"ಯಾಕಂತೆ?"

ಒಳಗಿನಿಂದ ರುದ್ರಾಣಿಯ ದನಿ ಕೇಳಿತು. "ಎಂಜಿನ್ ಇರೋ ಮನೆಗೆ ನಾ ಹೋಗಲ್ಲ ಅಪ್ಪಾ. ಹುಟ್ಟಿದಾಗಿಂದ ಅದರ ಡಗಡಗ ಕೇಳಿ ಕಿವಿ ತೂತು ಬಿದ್ದಾವೆ. ನೀರು ಕಟ್ಟಿ ಕಟ್ಟಿ ಸಾಕಾಗೈತೆ. ಹೊಲ ಇಲ್ಲ, ವಿಮಾನ ಮಾಡ್ತಾರೆ ಅಂತ ನಾನು ಇವರನ್ನ ಒಪ್ಪಿದ್ದು. ಇವರೂ ಅದೇ ಹಣೆಬರಹಕ್ಕೆ ಬಿದ್ರೆ ನನಗೆ ಬ್ಯಾಡ."

ಮೇಷ್ಟ್ರು ಚಂಗನೆ ಎದ್ದರು. ಅಟ್ಟದಿಂದ ವಿಮಾನ ಇಳಿಸಿ ತಂದು ನಡುಮನೆಯಲ್ಲಿ ಇಟ್ಟರು. "ಎಂಜಿನ್ ತರಿಸಿದ್ದು ಇದಕ್ಕೆ ಕಣ್ರೀ! ಹೆಬ್ಬೆರಳಿನಷ್ಟು ಐತೆ! ನನಗೆ ಹೊಲವೂ ಇಲ್ಲ, ಮನೆಯೂ ಇಲ್ಲ, ಈ ಮನೆಯೂ ಬಾಡಿಗೇದು!" ಎಂದು ಒಂದೇ ಉಸಿರಿನಲ್ಲಿ ಒದರಿದರು. ಜನ್ಮದಲ್ಲಿ ಯಾವ ವರನೂ ತನ್ನ ಬಡತನವನ್ನು ಅಷ್ಟು ಖುಷಿಯಿಂದ ಹೇಳಿಕೊಂಡಿರಲಿಕ್ಕಿಲ್ಲ.

ರುದ್ರಾಣಿ ಹೊಸ್ತಿಲಿಗೆ ಬಂದು ನಿಂತು ನಕ್ಕುಬಿಟ್ಟಳು. ಮುರುಗೇಶಪ್ಪ ಮಾತ್ರ ಟವೆಲ್ ಕೊಡವಿ ಎದ್ದರು. "ಹಂಗಾದ್ರೆ ನಾವು ಬರ್ತೀವಿ."

"ಅಪ್ಪಾ ಕೂತ್ಕೊ!" ಅಂದಳು ರುದ್ರಾಣಿ. "ಇದ್ದದ್ದು ಇದ್ದಂಗೆ ಹೇಳಿದ್ರಲ್ಲ, ಸುಳ್ಳು ಹೇಳದ ಗಂಡು ನನಗೆ ಸಾಕು. ಹೊಲಿಗೆ ಪರೀಕ್ಷೆ ಪಾಸಾದ್ರೆ ನನಗೂ ಸಂಬಳ ಬರ್ತೈತೆ. ಮದುವೆ ಆದ್ರೆ ಇವರನ್ನೇ, ಇಲ್ಲಾಂದ್ರೆ ಯಾರೂ ಬ್ಯಾಡ."

ಅಪ್ಪನೂ ಮಗಳೂ ಕಾಲು ಗಂಟೆ ಜಗಳವಾಡಿದರು. ಕೊನೆಗೆ ಮುರುಗೇಶಪ್ಪ ಸೋತು ಕುಕ್ಕರಿಸಿ, "ಆಯ್ತು, ನಿನ್ನ ಹಣೇಲಿ ಬರೆದಿದ್ದು. ತರ್ರಿ ಎಲೆ ಅಡಿಕೆ" ಅಂದರು. ದ್ಯಾಮಮ್ಮ ತಟ್ಟೆ ತಂದಳು. ಮೇಷ್ಟ್ರಿಗೆ ಸ್ವರ್ಗ ಮೂರೇ ಗೇಣು.

ಆಗ ಬಾಗಿಲ ಮುಂದೆ ಲಾರಿ ನಿಂತಿತು.

"ಡ್ರಾಯಿಂಗ್ ಮೇಷ್ಟ್ರು ವಿರೂಪಾಕ್ಷಪ್ಪ ಅಂದ್ರೆ ಯಾರ್ರೀ? ಸೈನ್ ಹಾಕ್ರಿ!" ಎಂದ ಡ್ರೈವರು. ನಾಲ್ಕು ಜನ ಉಸ್ಸೆಂದು ಹೊತ್ತು ತಂದು ಜಗುಲಿಯ ಮೇಲೆ ಇಳಿಸಿದ್ದು ಹಸಿರು ಬಣ್ಣದ, ಹೊಚ್ಚ ಹೊಸ, ಐದು ಎಚ್‌ಪಿ ಡೀಸೆಲ್ ಎಂಜಿನ್.

ಅದರ ಹಿಂದೆಯೇ ಪಾಲಣ್ಣ, ಮುಖ ಅರಳಿಸಿಕೊಂಡು ಬಂದ. "ಹೆಂಗೈತೆ ಮೇಷ್ಟ್ರೇ? ನೀವು ಬರೆದುಕೊಟ್ಟಿದ್ದು ಯಾವುದೋ ಆಟದ ಸಾಮಾನಿನ ಅಂಗಡಿ ವಿಳಾಸ! ಎಂಜಿನ್ ಬಗ್ಗೆ ಅವರಿಗೇನು ಗೊತ್ತು, ನಿಮ್ಗೆ ಟೋಪಿ ಹಾಕ್ತಾರೆ ಅಂತ ನಾನೇ ದಾವಣಗೆರೆಲಿ ನಮ್ಮ ಡೀಲರಿಗೆ ತಂತಿ ಕೊಟ್ಟೆ. ಎಷ್ಟು ಎಚ್‌ಪಿ ಅಂತಾನೂ ಬರೆದಿರಲಿಲ್ಲ ನೀವು. ಐದು ಅಂತ ನಾನೇ ಸೇರಿಸಿದೆ!"

"ರುದ್ರಾಣಿಯವರೇ, ಇದು ನಂದಲ್ಲ, ದೇವರಾಣೆ..." ಮೇಷ್ಟ್ರು ತೊದಲಿದರು.

"ಹೆಬ್ಬೆರಳಿನಷ್ಟು ಅಂದ್ರಲ್ಲ?" ಅವಳ ಕಣ್ಣಲ್ಲಿ ನೀರಾಡಿತು. "ಇಷ್ಟು ದಪ್ಪ ಸುಳ್ಳು ಹೇಳೋರನ್ನ ನಾ ಎಲ್ಲೂ ಕಂಡಿಲ್ಲ." ಚೀಲ ಹೆಗಲಿಗೆ ಹಾಕಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ದುಡುದುಡು ನಡೆದೇಬಿಟ್ಟಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಮುರುಗೇಶಪ್ಪ ಮಾತ್ರ ಕದಲಲಿಲ್ಲ. ಎಂಜಿನ್ನಿನ ಸುತ್ತ ಮೂರು ಸುತ್ತು ಬಂದರು, ಚಕ್ರ ಸವರಿದರು, ಕಿವಿಗೊಟ್ಟು ತಟ್ಟಿ ನೋಡಿದರು. ಆಮೇಲೆ ಮೇಷ್ಟ್ರ ಹೆಗಲ ಮೇಲೆ ಅಕ್ಕರೆಯಿಂದ ಕೈಯಿಟ್ಟರು. ಮೇಷ್ಟ್ರಿಗೆ ಹೋದ ಜೀವ ಬಂದಂತಾಯಿತು.

"ಅವಳು ಹಟಮಾರಿ, ಇನ್ನು ಒಪ್ಪಲ್ಲ. ಅದನ್ನ ಮರೆತುಬಿಡ್ರಿ ಮೇಷ್ಟ್ರೇ" ಅಂದರು ಮುರುಗೇಶಪ್ಪ. "ಹೆಂಗೂ ನಿಮಗೆ ಹೊಲ ಇಲ್ಲ. ನಮ್ಮ ಎಂಜಿನ್ ಮೊನ್ನೆ ಕೆಟ್ಟು ಕೂತೈತೆ, ನಾಟಿ ಬೇರೆ ಹತ್ರ ಬಂತು. ಲಾರಿ ಇನ್ನೂ ಇಲ್ಲೇ ಐತೆ, ಇದನ್ನ ಹಂಗೇ ನ್ಯಾಮತಿಗೆ ಕಳಿಸ್ತೀರಾ?"