ಹೊಗೆಯಿಲ್ಲದ ಜೀಪು

ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಚನ್ನಕೇಶವನ ಜೀಪು ಒಮ್ಮೆ ಬಾಳೂರಿನ ಬೀದಿ ದಾಟಿತೆಂದರೆ, ಪಕ್ಕದ ಮನೆಯ ತಂಗಮ್ಮ ಒಣಗಿಸಿದ ಸೀರೆಯನ್ನು ಮತ್ತೆ ಒಗೆಯಬೇಕಾಗುತ್ತಿತ್ತು. ಅಷ್ಟು ಹೊಗೆ.

ಪ್ರತಿ ಶನಿವಾರ ಸಂಜೆ ಮೂಡಿಗೆರೆಯಲ್ಲಿ ಗಮಕ ವಾಚನ. ಹೆಂಡತಿ ಇದ್ದಷ್ಟು ಕಾಲ ಜೊತೆಗೆ ಬರುತ್ತಿದ್ದಳು. ಅವಳು ತೀರಿಕೊಂಡ ಮೇಲೆ ಯಾರನ್ನು ಕರೆದರೂ ಒಂದೇ ಉತ್ತರ: "ನಿಮ್ ಜೀಪಲ್ಲಾ ಹೋಗೋದು? ಬೇಡ ಮಾರಾಯ್ರೆ, ಕೆಮ್ಮು." ಒಳ್ಳೆಯ ಪದ್ಯ ಬಂದಾಗ "ಆಹಾ" ಎಂದು ಪಕ್ಕಕ್ಕೆ ತಿರುಗಿದರೆ ಖಾಲಿ ಕುರ್ಚಿ. ಒಬ್ಬನೇ ಹೇಳುವ ಆಹಾ ಒಗ್ಗರಣೆಯಿಲ್ಲದ ಸಾರಿನಂತೆ ಸಪ್ಪೆ.

ಅದು ೨೦೦೩. ಒಂದು ಶನಿವಾರ ಮೂಡಿಗೆರೆ ಮೈದಾನದಲ್ಲಿ ವಾಹನಗಳ ಪರಿಸರ ತಪಾಸಣೆ ಏರ್ಪಾಡಾಯಿತು. ಹೊಗೆ, ಸದ್ದು, ಡೀಸೆಲ್ ಖರ್ಚು, ಗಾಡಿಯಲ್ಲಿ ಕೂತ ಜನ, ಒಂದೊಂದಕ್ಕೂ ಹತ್ತು ಅಂಕ. ಮೂವತ್ತು ದಾಟಿದರೆ ಹಸಿರು ಚೀಟಿ.

"ಚೀಟಿ ತಗೊಳ್ಳಿ, ಇವತ್ತಿಂದಲೇ ನಾವೆಲ್ಲ ವಾಚನಕ್ಕೆ ಬರ್ತೀವಿ. ಹೊಗೆ ಮಾತ್ರ ಇರಬಾರ್ದು," ಎಂದರು ನಿವೃತ್ತ ಪೋಸ್ಟ್ ಮಾಸ್ಟರ್ ಓಂಕಾರಮೂರ್ತಿ. ಜನರ ಅಂಕಕ್ಕೆಂದು ಅವರೂ, ತಂಗಮ್ಮನೂ, ಬೀದಿಯ ಇನ್ನು ಮೂವರೂ ಮೂಗಿಗೆ ಬಟ್ಟೆ ಹಿಡಿದು ಜೀಪು ಹತ್ತಿಯೇಬಿಟ್ಟರು. ಎಷ್ಟೋ ವರ್ಷದ ಮೇಲೆ ಜೀಪು ತುಂಬಿತ್ತು. ಚನ್ನಕೇಶವನ ಕಣ್ಣೂ.

"ಇಳಿಜಾರಲ್ಲೆಲ್ಲ ಇಂಜಿನ್ ಆಫ್ ಮಾಡಿ, ಡೀಸೆಲ್ ಅಂಕ ನಮ್ದೇ," ಎಂದು ಓಂಕಾರಮೂರ್ತಿ ದಾರಿಯುದ್ದಕ್ಕೂ ಅಪ್ಪಣೆ ಕೊಟ್ಟರು.

"ಎಲ್ಲಾ ಸರಿ, ಹೊಗೆಗೇನು ಮಾಡೋದು?" ಎಂದ ಚನ್ನಕೇಶವ.

ತಂಗಮ್ಮ ಚೀಲದಿಂದ ಕಾಫಿ ಸೋಸುವ ಬಟ್ಟೆ ತೆಗೆದಳು. "ಕಾಫಿ ಹೆಂಗೆ ಸೋಸ್ತೀವಿ? ಚರಟ ಬಟ್ಟೇಲಿ ನಿಲ್ಲತ್ತೆ, ತಿಳಿ ಕೆಳಗಿಳಿಯತ್ತೆ. ಹೊಗೇನೂ ಹಂಗೇ."

ಮೈದಾನದ ಬಾಗಿಲಲ್ಲಿ ಜೀಪು ನಿಂತಾಗ, ಇಂಜಿನ್ ಓಡುತ್ತಿದ್ದಂತೆಯೇ ಇಳಿದು, ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಹೊಗೆ ಕೊಳವೆಯೊಳಗೆ ಕಾಣದಷ್ಟು ಆಳಕ್ಕೆ ತುರುಕಿದಳು. ಜೀಪು ಗಂಟಲಲ್ಲಿ ಅವಲಕ್ಕಿ ಸಿಕ್ಕವರಂತೆ ಎರಡು ಸಲ ಬಿಕ್ಕಿ, ಸುಮ್ಮನಾಯಿತು. ತಂಗಮ್ಮನನ್ನು ಒಳಗೆ ಕೂರಿಸಿ, ಉಳಿದವರು ತಪಾಸಣೆಯ ಮೇಜಿನವರೆಗೆ ತಳ್ಳಿ ಮತ್ತೆ ಹತ್ತಿ ಕೂತರು.

"ಇಂಜಿನ್ ಸ್ಟಾರ್ಟ್ ಮಾಡ್ರಿ," ಎಂದರು ತಪಾಸಣೆಯವರು. ಹಿಂದೆ ಇಪ್ಪತ್ತು ಗಾಡಿಗಳ ಹಾರನ್ನು.

"ಸ್ಟಾರ್ಟಾಗೇ ಇದೆ ಸ್ವಾಮಿ!" ಓಂಕಾರಮೂರ್ತಿ ಕೂಗಿದರು. "ಸದ್ದೇ ಬರಲ್ಲ, ಅದೇ ಇದರ ವಿಶೇಷ!"

ಚನ್ನಕೇಶವ ಬಾಯಿ ತೆರೆದ. ತಂಗಮ್ಮ ಹಿಂದಿನಿಂದ ಚಿವುಟಿದಳು. ಮುಚ್ಚಿದ.

ಯಂತ್ರದ ಕಡ್ಡಿ ಕೊಳವೆಗೆ ಹೋಗಿ ಬಂತು. ಹೊಗೆ ಸೊನ್ನೆ. ಸದ್ದೂ ಸೊನ್ನೆ. ಡೀಸೆಲ್ ಇಳಿದದ್ದೇ ಕಾಣಲಿಲ್ಲ. ಜನ ಭರ್ತಿ. ನಲವತ್ತಕ್ಕೆ ನಲವತ್ತು! ಹೊಸ ಕಾರಿನವರೆಲ್ಲ ಕಣ್ಣು ಕಣ್ಣು ಬಿಡುತ್ತಿದ್ದಂತೆ ಮುಂದಿನ ಗಾಜಿಗೆ ಹಸಿರು ಚೀಟಿ ಅಂಟಿತು.

ಜೀಪನ್ನು ರಸ್ತೆಗೆ ತಳ್ಳಿ ತಂದ ಮೇಲೆ ಚನ್ನಕೇಶವ ಹಿಗ್ಗಿ ಹೇಳಿದ: "ನಡೀರಿ, ಐದು ಗಂಟೆಗೆ ವಾಚನ. ಮುಂದಿನ ಸಾಲಲ್ಲೇ ಕೂರೋಣ."

"ವಾಪಸ್ ಹೋಗೋದು ಹೆಂಗೆ?" ತಂಗಮ್ಮ ಕೇಳಿದಳು. "ಜೀಪು ಓಡಲ್ಲವಲ್ಲ."

"ಬಟ್ಟೆ ತೆಗೆದ್ರೆ ಓಡತ್ತೆ ತಂಗಮ್ಮ."

"ತೆಗೆದ್ರೆ ಹೊಗೆ ಬರತ್ತೆ. ಹೊಗೆ ಬಂದ್ರೆ ನಾವು ಹತ್ತಲ್ಲ."

"ಮಾತು ಅಂದ್ರೆ ಮಾತು," ಎಂದರು ಓಂಕಾರಮೂರ್ತಿ.

ಅಷ್ಟರಲ್ಲಿ ಬಾಳೂರಿನ ಬಸ್ಸು ಬಂತು. ಐವರೂ ಕೈಬೀಸಿ ಹತ್ತಿದರು. "ಚೀಟಿ ಜೋಪಾನ!" ಎಂದು ತಂಗಮ್ಮ ಕಿಟಕಿಯಿಂದ ಕೂಗಿದಳು.

ಚನ್ನಕೇಶವ ತಂತಿ ಕೊಕ್ಕೆಯಿಂದ ಬಟ್ಟೆ ಎಳೆದು, ಎಸೆಯಲು ಮನಸ್ಸಾಗದೆ ಜೇಬಿಗೆ ಹಾಕಿಕೊಂಡ. ಜೀಪು ಒಂದೇ ಸಲಕ್ಕೆ ಶುರುವಾಯಿತು. ಹಸಿರು ಚೀಟಿ ಕಪ್ಪು ಮೋಡದೊಳಗೆ ಮುಳುಗಿತು.

ವಾಚನದಲ್ಲಿ ಕುರ್ಚಿಗಳ ಕೊನೆಯ ಸಾಲಲ್ಲಿ ಕೂತ. ಪಕ್ಕದ ಐದು ಕುರ್ಚಿಗಳ ಮೇಲೆ ಟವೆಲು ಹಾಸಿದ್ದ, ಏಕೋ. ಅಪರಿಚಿತರೊಬ್ಬರು ಬಂದು ಕೇಳಿದರು, "ಇಲ್ಲಿ ಯಾರಾದ್ರೂ ಬರ್ತಾರಾ?"

ಬಾಗಿಲ ಕಡೆ ಒಮ್ಮೆ ನೋಡಿ ಟವೆಲು ಎತ್ತಿದ. "ಇಲ್ಲ. ಕೂತ್ಕೊಳ್ಳಿ."

ಗಮಕಿ ಪದ್ಯದ ಕೊನೆಯ ಸಾಲನ್ನು ಎಳೆದು, ಬಳುಕಿಸಿ, ಮೆಲ್ಲನೆ ಇಳಿಸಿದ. ಚನ್ನಕೇಶವ ಸಂತೋಷದಿಂದ ಪಕ್ಕಕ್ಕೆ ತಿರುಗಿದ: "ಆ..."

ಅವರು ಮೂಗು ಮುಚ್ಚಿಕೊಂಡಿದ್ದರು. "ಎಲ್ಲೋ ಡೀಸೆಲ್ ವಾಸನೆ ಮಾರಾಯ್ರೆ," ಎಂದವರೇ ಎದ್ದು ಎರಡು ಸಾಲು ಮುಂದೆ ಹೋಗಿ ಕೂತರು.

"...ಹಾ," ಎಂದ ಚನ್ನಕೇಶವ, ಖಾಲಿ ಕುರ್ಚಿಗೆ.